ಎದೆಯೊಳಗಿನ ನೀರುಗುಳ್ಳೆ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗ್ರಾಮೀಣ ದಂಪತಿಗಳನ್ನು ಉದ್ದೇಶಿಸಿದ ಭಾಷಣದ ಪಾಠ)



ಕುಟುಂಬ ಕಲ್ಯಾಣ ಎಂದೊಡನೆ ಮಕ್ಕಳ ಸಂಖ್ಯೆ, ಮಕ್ಕಳ ನಡುವಣ ಅಂತರ, ಬಸುರಿ ಬಾಣಂತಿಯರ ಆರೈಕೆ, ಕೂಸುಗಳಿಗೆ ಚುಚ್ಚುಮದ್ದು ಇವೇ ನಮ್ಮ ಮನಸ್ಸಿಗೆ ಬರುತ್ತವೆ. ಇವೆಲ್ಲ ಮುಖ್ಯವಾದುವೇ. ಆದರೆ ಸಂಸಾರದ ಕಲ್ಯಾಣವು ದುಡಿಯುವ ಗಂಡಹೆಂಡಿರ ಆರೋಗ್ಯವನ್ನು ನೆಚ್ಚಿಕೊಂಡಿದೆ ಎಂಬುದನ್ನು ಮರೆಯಲಾಗದು. ಆದುದರಿಂದ ಇಂದು, ಶ್ವಾಸಕೋಶದೊಳಗೆ ಸದ್ದಿಲ್ಲದೆ ಬೆಳೆಯುವ ಒಂದು ಕಾಯಿಲೆಯನ್ನೂ ಅದನ್ನು ಶಸ್ತ್ರಚಿಕಿತ್ಸೆಯಿಂದ ಗುಣಪಡಿಸುವ ಬಗೆಯನ್ನೂ ತಮ್ಮ ಮುಂದೆ ವಿವರಿಸಬಯಸುತ್ತೇನೆ. ವೈದ್ಯರು ಇದನ್ನು ಹೈಡಾಟಿಡ್ ಕಾಯಿಲೆ ಎನ್ನುತ್ತಾರೆ. ನಾವು ಇದನ್ನು ನೀರುಗುಳ್ಳೆ ಎಂದು ಕರೆಯೋಣ.

ಪ್ರಾಣಿಗಳಿಂದ ಮನುಷ್ಯರಿಗೆ ಕಾಯಿಲೆ ಬರುತ್ತದೆ ಎಂಬ ಮಾತು ಈ ಸೀಮೆಯವರಿಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಹಳ್ಳಿಗಳ ಜನ ಜ್ವರದಿಂದ ನರಳಿದರು. ಆಗ ಪತ್ತೆಯಾದ ಮಂಗನ ಕಾಯಿಲೆಗೆ ಲೋಕದ ವೈದ್ಯಗ್ರಂಥಗಳಲ್ಲಿ ಕ್ಯಾಸನೂರು ಕಾಡಿನ ಹೆಸರೇ ಉಳಿದಿದೆ. ಅದನ್ನು ಹರಡುವುದು ಕಾಡಿನ ಉಣ್ಣೆ. ನಾನು ಇಂದು ಹೇಳುವ ಕಾಯಿಲೆಗೆ ಕಾಡಿಗೆ ಹೋಗಬೇಕಾದ ಅಗತ್ಯವೂ ಇಲ್ಲ. ಮನೆಯ ಅಂಗಳದಲ್ಲಿ ಮಲಗಿರುವ ನಾಯಿ, ಕೊಟ್ಟಿಗೆಯ ಕುರಿ ಮೇಕೆ, ನಮ್ಮದೇ ಕೈ, ಇಷ್ಟಿದ್ದರೆ ಸಾಕು.

ಕಾಯಿಲೆ ಬರುವ ಬಗೆ

ಈ ಕಾಯಿಲೆಗೆ ಮೂಲವು ನಾಯಿಯ ಕರುಳಿನಲ್ಲಿ ವಾಸಿಸುವ ಒಂದು ಪುಟ್ಟ ಲಾಡಿಹುಳು. ಅದರ ಉದ್ದವು ಕೆಲವೇ ಮಿಲಿಮೀಟರು, ಅಂದರೆ ಒಂದು ಅಕ್ಕಿಕಾಳಿನಷ್ಟೂ ಇಲ್ಲ. ಒಂದೇ ನಾಯಿಯ ಹೊಟ್ಟೆಯಲ್ಲಿ ಇಂಥ ಹುಳುಗಳು ಸಾವಿರಗಟ್ಟಲೆ ಇರಬಹುದು. ಆದರೂ ನಾಯಿಯು ಗಟ್ಟಿಮುಟ್ಟಾಗಿಯೇ ಓಡಾಡುತ್ತದೆ. ನೋಡಿದವರಿಗೆ ಅದು ರೋಗವನ್ನು ಹೊತ್ತಿದೆ ಎಂದು ತಿಳಿಯುವುದಿಲ್ಲ.

ಹುಳುವಿನ ಮೊಟ್ಟೆಗಳು ನಾಯಿಯ ಮಲದೊಡನೆ ಹೊರಬೀಳುತ್ತವೆ. ಅವು ಕಣ್ಣಿಗೆ ಕಾಣದಷ್ಟು ಸಣ್ಣವು. ತಂಪಾದ, ಒದ್ದೆಯಾದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲವು. ಅವು ಹುಲ್ಲಿಗೆ, ಸೊಪ್ಪಿಗೆ, ನೀರಿಗೆ ಸೇರುತ್ತವೆ. ನಾಯಿಯ ಮೈಗೂದಲಿಗೂ ಮೂತಿಗೂ ಅಂಟಿಕೊಳ್ಳುತ್ತವೆ. ಕುರಿ, ಮೇಕೆ, ದನ, ಎಮ್ಮೆಗಳು ಮೇಯುವಾಗ ಮೊಟ್ಟೆಗಳು ಅವುಗಳ ಹೊಟ್ಟೆ ಸೇರಿ, ಪಿತ್ತಕೋಶದಲ್ಲಿ ಅಂದರೆ ಈಲಿಯಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆಗಳಾಗಿ ಬೆಳೆಯುತ್ತವೆ. ಅಂಥ ಕುರಿಯನ್ನು ಕಡಿದಾಗ ಗುಳ್ಳೆಯಿರುವ ಈಲಿಯನ್ನೋ ಶ್ವಾಸಕೋಶವನ್ನೋ ನಾಯಿಗೆ ಎಸೆದರೆ, ಸುಮಾರು ಆರೇಳು ವಾರಗಳಲ್ಲಿ ಆ ನಾಯಿಯ ಕರುಳಿನಲ್ಲಿ ಹೊಸ ಹುಳುಗಳು ಬಲಿತು ಮೊಟ್ಟೆಯಿಡಲು ತೊಡಗುತ್ತವೆ. ನಾಯಿಯಿಂದ ಕುರಿಗೆ, ಕುರಿಯಿಂದ ನಾಯಿಗೆ ಹೀಗೆ ಚಕ್ರವು ತಿರುಗುತ್ತಲೇ ಇರುತ್ತದೆ.

ಮನುಷ್ಯನು ಈ ಚಕ್ರದ ನಡುವೆ ಅಕಸ್ಮಾತ್ತಾಗಿ ಸಿಕ್ಕಿಕೊಳ್ಳುತ್ತಾನೆ. ನಾಯಿಯನ್ನು ಮುದ್ದಿಸಿದ ಕೈಯಿಂದ ಊಟ ಮಾಡಿದರೆ, ನಾಯಿ ಓಡಾಡಿದ ಹಿತ್ತಲಿನ ಸೊಪ್ಪನ್ನು ತೊಳೆಯದೆ ತಿಂದರೆ, ಮಕ್ಕಳು ಅಂಗಳದ ಮಣ್ಣಿನಲ್ಲಿ ಆಡಿ ಬೆರಳನ್ನು ಬಾಯಿಗಿಟ್ಟರೆ, ಮೊಟ್ಟೆಗಳು ಹೊಟ್ಟೆ ಸೇರುತ್ತವೆ. ಅಲ್ಲಿ ಮರಿಯು ಹೊರಬಂದು ಕರುಳನ್ನು ಕೊರೆದು ರಕ್ತನಾಳವನ್ನು ಸೇರುತ್ತದೆ. ಹೆಚ್ಚಿನವು ಈಲಿಯಲ್ಲಿ ತಂಗುತ್ತವೆ. ಅಲ್ಲಿಂದ ಪಾರಾದವು ಶ್ವಾಸಕೋಶಕ್ಕೆ ಬಂದು ನಿಲ್ಲುತ್ತವೆ.

ಇಲ್ಲಿ ಎರಡು ತಪ್ಪು ಕಲ್ಪನೆಗಳನ್ನು ಬಿಡಬೇಕು. ಕುರಿಮಾಂಸ ತಿಂದುದರಿಂದ ಮನುಷ್ಯನಿಗೆ ಈ ಕಾಯಿಲೆ ಬರುವುದಿಲ್ಲ; ಬರುವುದು ನಾಯಿಯ ಮಲದಲ್ಲಿರುವ ಮೊಟ್ಟೆಯಿಂದ. ಆದುದರಿಂದ ಮಾಂಸವನ್ನೇ ಮುಟ್ಟದವರಿಗೂ ಇದು ಬರಬಹುದು. ಎರಡನೆಯದಾಗಿ, ಇದು ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಅಂಟುವ ಕಾಯಿಲೆಯಲ್ಲ. ಗಂಡನಿಗೆ ಬಂದರೆ ಹೆಂಡತಿಗೆ ತಗಲುವುದಿಲ್ಲ, ಹೆಂಡತಿಯಿಂದ ಗಂಡನಿಗೂ ತಗಲುವುದಿಲ್ಲ. ತಟ್ಟೆ ಲೋಟ ಬೇರೆ ಮಾಡುವುದು, ಹಾಸಿಗೆ ಬೇರೆ ಮಾಡುವುದು, ಹೆಣ್ಣುಮಗಳನ್ನು ತವರಿಗೆ ಅಟ್ಟುವುದು ಅಜ್ಞಾನವಷ್ಟೇ ಅಲ್ಲ, ಅನ್ಯಾಯವೂ ಹೌದು.

ಲಕ್ಷಣಗಳು

ಗುಳ್ಳೆಯು ನಿಧಾನವಾಗಿ ಬೆಳೆಯುತ್ತದೆ. ಶ್ವಾಸಕೋಶವು ಮೆತ್ತಗಿರುವ ಅಂಗವಾದ್ದರಿಂದ ಅಲ್ಲಿ ಅದಕ್ಕೆ ಅಡ್ಡಿ ಕಡಿಮೆ. ನಿಂಬೆಹಣ್ಣಿನಷ್ಟಿದ್ದುದು ಕಾಲಕ್ರಮದಲ್ಲಿ ತೆಂಗಿನಕಾಯಿಯಷ್ಟಾಗಬಹುದು. ಬಾಲ್ಯದಲ್ಲಿ ಹೊಟ್ಟೆ ಸೇರಿದ ಮೊಟ್ಟೆಯ ಫಲವು ಮದುವೆಯಾಗಿ ಮಕ್ಕಳಾದ ಮೇಲೆ ಕಾಣಿಸಿಕೊಳ್ಳುವುದೂ ಉಂಟು. ಚಿಕ್ಕದಾಗಿರುವಾಗ ಯಾವ ತೊಂದರೆಯೂ ಇರುವುದಿಲ್ಲ. ದೊಡ್ಡದಾದಂತೆ ಒಣಕೆಮ್ಮು, ಎದೆಯ ಒಂದು ಪಕ್ಕದಲ್ಲಿ ನೋವು, ಕೆಲಸ ಮಾಡುವಾಗ ಏದುಸಿರು, ಕೆಲವೊಮ್ಮೆ ಕಫದಲ್ಲಿ ರಕ್ತ ಕಾಣಿಸುತ್ತವೆ.

ಗುಳ್ಳೆಯು ಶ್ವಾಸನಾಳದೊಳಕ್ಕೆ ಒಡೆದರೆ ಒಮ್ಮೆಗೇ ಜೋರಾದ ಕೆಮ್ಮು ಬಂದು, ಬಾಯಿತುಂಬ ಉಪ್ಪುರುಚಿಯ ತಿಳಿನೀರೂ ದ್ರಾಕ್ಷಿಯ ಸಿಪ್ಪೆಯಂಥ ಬಿಳಿಯ ಪೊರೆಯ ಚೂರುಗಳೂ ಹೊರಬೀಳುತ್ತವೆ. ಈ ಗುರುತನ್ನು ಚೆನ್ನಾಗಿ ನೆನಪಿಡಿರಿ. ಪೊರೆಯನ್ನು ಎಸೆಯದೆ ಒಂದು ಶುಚಿಯಾದ ಸೀಸೆಯಲ್ಲಿಟ್ಟು ವೈದ್ಯರಿಗೆ ತೋರಿಸಿರಿ. ಒಡೆದಾಗ ಕೆಲವರಿಗೆ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ಪ್ರಜ್ಞೆ ತಪ್ಪಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥ ಸಮಯದಲ್ಲಿ ಒಂದು ಗಳಿಗೆಯನ್ನೂ ಕಳೆಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು.

ಪರೀಕ್ಷೆ

ಕೆಮ್ಮು, ರಕ್ತ, ಸುಸ್ತು ಎಂದೊಡನೆ ಎಲ್ಲರೂ ಕ್ಷಯವೆಂದು ಭಾವಿಸುತ್ತಾರೆ. ಹಾಗೆ ಅನುಮಾನಿಸುವುದು ತಪ್ಪಲ್ಲ. ಎರಡು ವಾರಕ್ಕೆ ಮೀರಿದ ಯಾವ ಕೆಮ್ಮಿಗೂ ಕಫದ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಆದರೆ ಕಫದಲ್ಲಿ ಕ್ಷಯದ ರೋಗಾಣು ಕಾಣದೆ, ಕೆಮ್ಮೂ ನಿಲ್ಲದೆ ಇದ್ದರೆ ಎದೆಯ ಎಕ್ಸ್‌ರೇ ತೆಗೆಸಿ ನೋಡಬೇಕು. ನೀರುಗುಳ್ಳೆಯಿದ್ದರೆ ಅದರಲ್ಲಿ ದುಂಡನೆಯ ಬಿಳಿಯ ನೆರಳು ಕಾಣುತ್ತದೆ. ಮುಂದೆ ಸಿ.ಟಿ. ಸ್ಕ್ಯಾನಿನಿಂದ ಅದು ಎಷ್ಟು ದೊಡ್ಡದು, ಎಲ್ಲಿದೆ, ಒಡೆದಿದೆಯೋ ಇಲ್ಲವೋ ಎಂಬುದು ನಿಶ್ಚಯವಾಗುತ್ತದೆ. ಈಲಿಯಲ್ಲಿಯೂ ಗುಳ್ಳೆಯಿರಬಹುದಾದ್ದರಿಂದ ಹೊಟ್ಟೆಯ ಸ್ಕ್ಯಾನನ್ನೂ ಮಾಡುತ್ತಾರೆ. ರಕ್ತಪರೀಕ್ಷೆಯೂ ನೆರವಾಗುತ್ತದೆ, ಆದರೆ ಶ್ವಾಸಕೋಶದ ಗುಳ್ಳೆಯಲ್ಲಿ ಅದು ಕೆಲವೊಮ್ಮೆ ಏನನ್ನೂ ತೋರಿಸದೆ ಇರಬಹುದು. ಶ್ವಾಸಕೋಶದ ಗುಳ್ಳೆಗೆ ಸೂಜಿ ಚುಚ್ಚಿ ನೀರು ತೆಗೆಯುವುದನ್ನು ವೈದ್ಯರು ಸಾಮಾನ್ಯವಾಗಿ ಮಾಡುವುದಿಲ್ಲ. ನೀರು ಸೋರಿದರೆ ಅಪಾಯ, ಸೋರಿದ ಕಡೆ ಹೊಸ ಗುಳ್ಳೆಗಳು ಹುಟ್ಟುವುದೂ ಸಾಧ್ಯ.

ಒಂದು ಸಂಸಾರದ ಚಿತ್ರ

ಈಗ ಒಂದು ಸಂಸಾರವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಗಂಡಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಒಂದೆರಡು ಎಕರೆ ಗದ್ದೆ, ನಾಲ್ಕು ಕುರಿ, ಒಂದು ನಾಯಿ. ಹೆಂಡತಿಗೆ ಆರು ತಿಂಗಳಿಂದ ಕೆಮ್ಮು. ಎಕ್ಸ್‌ರೇ ತೆಗೆದು ನೋಡಿ ವೈದ್ಯರು, “ಬಲಗಡೆ ದೊಡ್ಡ ಗುಳ್ಳೆಯಿದೆ, ಶಸ್ತ್ರಚಿಕಿತ್ಸೆ ಆಗಬೇಕು” ಎನ್ನುತ್ತಾರೆ. ಗಂಡನು, “ಗುಳಿಗೆಯಲ್ಲಿ ಕರಗಿಸಲು ಆಗುವುದಿಲ್ಲವೇ ಡಾಕ್ಟರೇ?” ಎಂದು ಕೇಳುತ್ತಾನೆ. ಮನೆಗೆ ಬಂದರೆ ತಾಯಿಯು, “ಎದೆ ಕೊಯ್ಸಿಕೊಂಡವಳು ನಾಳೆ ನಾಟಿಗೆ ಬಗ್ಗುವುದುಂಟೇನಪ್ಪಾ?” ಎನ್ನುತ್ತಾಳೆ. ಹೆಂಡತಿಯು ರಾತ್ರಿ ಮಕ್ಕಳು ಮಲಗಿದ ಮೇಲೆ, “ನನಗೇನಾದರೂ ಆದರೆ ಈ ಮಕ್ಕಳ ಗತಿಯೇನು ಹೇಳಿ” ಎಂದು ಕಣ್ಣೀರಿಡುತ್ತಾಳೆ. ಸುಗ್ಗಿ ಮುಗಿಯಲಿ, ಜಾತ್ರೆ ಕಳೆಯಲಿ ಎಂದು ದಿನಗಳು ಮುಂದೆ ಹೋಗುತ್ತವೆ. ಗುಳ್ಳೆಯು ಮಾತ್ರ ಸುಗ್ಗಿಗೂ ಜಾತ್ರೆಗೂ ಕಾಯುವುದಿಲ್ಲ.

ಈ ಮೂವರ ಪ್ರಶ್ನೆಗಳೂ ನ್ಯಾಯವಾದುವೇ. ಅವುಗಳಿಗೆ ಒಂದೊಂದಾಗಿ ಉತ್ತರ ಹೇಳುವುದು ನನ್ನ ಕರ್ತವ್ಯ.

ಗುಳಿಗೆಯಿಂದ ಗುಣವಾಗದೆ?

ಆಲ್ಬೆಂಡಜೋಲ್ ಎಂಬ ಔಷಧವು ಈ ಹುಳುವಿನ ಮೇಲೆ ಕೆಲಸ ಮಾಡುತ್ತದೆ. ಚಿಕ್ಕ ಗುಳ್ಳೆಗಳಿಗೆ, ಶಸ್ತ್ರಚಿಕಿತ್ಸೆ ಮಾಡಲಾಗದ ರೋಗಿಗಳಿಗೆ ವೈದ್ಯರು ಇದನ್ನೇ ತಿಂಗಳುಗಟ್ಟಲೆ ಕೊಡುವುದುಂಟು. ಆದರೆ ಶ್ವಾಸಕೋಶದ ದೊಡ್ಡ ಗುಳ್ಳೆಯು ಬರಿಯ ಗುಳಿಗೆಯಿಂದ ಹೋಗುವ ಸಂಭವ ಕಡಿಮೆ. ಅಷ್ಟೇ ಅಲ್ಲ, ಔಷಧದಿಂದ ಗುಳ್ಳೆಯ ಗೋಡೆ ಮೆತ್ತಗಾಗಿ ಅದು ಒಡೆಯುವ ಭಯವೂ ಇದೆ. ಮಕ್ಕಳಿಗೆ ಶಾಲೆಯಲ್ಲಿ ಜಂತುಹುಳುವಿಗೆ ಕೊಡುವ ಗುಳಿಗೆಯೂ ಇದೇ ಔಷಧವಾದ್ದರಿಂದ ಅಂಗಡಿಯಲ್ಲಿ ತಾವೇ ಕೊಂಡು ನುಂಗೋಣ ಎಂದು ಕೆಲವರಿಗೆ ತೋರಬಹುದು. ಹಾಗೆ ಎಂದಿಗೂ ಮಾಡಕೂಡದು. ಎಷ್ಟು, ಯಾವಾಗ, ಎಷ್ಟು ದಿನ ಎಂಬುದನ್ನು ತಜ್ಞರೇ ನಿರ್ಧರಿಸತಕ್ಕದ್ದು.

ಶಸ್ತ್ರಚಿಕಿತ್ಸೆ ನಡೆಯುವ ಕ್ರಮ

ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತ, ಹೃದಯ, ಉಸಿರಾಟದ ಶಕ್ತಿ ಇವುಗಳ ಪರೀಕ್ಷೆಯಾಗುತ್ತದೆ. ಬೀಡಿ ಸೇದುವವರು ಅಂದಿನಿಂದಲೇ ಬಿಡಬೇಕು. ಬಂಧುಗಳು ರಕ್ತದಾನಕ್ಕೆ ಮುಂದೆ ಬರಬೇಕು. ಆರೋಗ್ಯವಂತನು ರಕ್ತ ಕೊಟ್ಟರೆ ನಿಶ್ಶಕ್ತನಾಗುವುದಿಲ್ಲ.

ಆ ದಿನ ರೋಗಿಗೆ ಅರಿವಳಿಕೆ ಕೊಡುತ್ತಾರೆ. ರೋಗಿಯು ಗಾಢನಿದ್ರೆಯಲ್ಲಿರುವುದರಿಂದ ನೋವು ತಿಳಿಯುವುದಿಲ್ಲ. ಅರಿವಳಿಕೆಯ ತಜ್ಞರು ಶ್ವಾಸನಾಳದಲ್ಲಿ ಒಂದು ಕೊಳವೆಯನ್ನಿಟ್ಟು ಎರಡು ಶ್ವಾಸಕೋಶಗಳಿಗೂ ಬೇರೆಬೇರೆಯಾಗಿ ಗಾಳಿ ಕೊಡಬಲ್ಲರು. ಆದ್ದರಿಂದ ಒಂದು ಶ್ವಾಸಕೋಶದ ಮೇಲೆ ಕೆಲಸ ನಡೆಯುವಾಗ ಇನ್ನೊಂದು ಉಸಿರಾಡುತ್ತಿರುತ್ತದೆ, ಗುಳ್ಳೆಯ ನೀರು ಅದರೊಳಕ್ಕೆ ಹರಿಯದಂತೆಯೂ ಕಾಪಾಡಿದಂತಾಗುತ್ತದೆ.

ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಪಕ್ಕೆಲುಬುಗಳ ನಡುವೆ ಕೊಯ್ದು ಎದೆಯನ್ನು ತೆರೆಯುತ್ತಾರೆ. ಗುಳ್ಳೆಯ ಸುತ್ತಲೂ ಗಾಢವಾದ ಉಪ್ಪುನೀರು ಮೊದಲಾದ ಹುಳುನಾಶಕ ದ್ರಾವಣದಲ್ಲಿ ತೋಯಿಸಿದ ಬಟ್ಟೆಗಳನ್ನು ಒತ್ತಾಗಿ ಹಾಸುತ್ತಾರೆ. ಒಂದು ಹನಿ ಹೊರಬಿದ್ದರೂ ಅದರಲ್ಲಿರುವ ಹುಳುವಿನ ಬೀಜಗಳು ಅಲ್ಲಿಯೇ ಸಾಯಲಿ ಎಂಬುದೇ ಇದರ ಉದ್ದೇಶ.

ಎಳನೀರಿನ ಬುರುಡೆಯನ್ನು ನೆನೆಯಿರಿ. ಹೊರಗೆ ಗಟ್ಟಿಯಾದ ಚಿಪ್ಪು, ಒಳಗೆ ಅಂಟಿಕೊಂಡ ಬಿಳಿಯ ಗಂಜಿ, ಅದರೊಳಗೆ ತಿಳಿನೀರು. ನೀರುಗುಳ್ಳೆಯೂ ಬಹುಮಟ್ಟಿಗೆ ಹಾಗೆಯೇ. ಹೊರಗಿನ ಗೋಡೆಯನ್ನು ಕಟ್ಟಿರುವುದು ನಮ್ಮ ಶರೀರವೇ. ಒಳಗಿನ ಬಿಳಿಯ ಪೊರೆ ಮತ್ತು ತಿಳಿನೀರು ಹುಳುವಿಗೆ ಸೇರಿದವು. ಶಸ್ತ್ರವೈದ್ಯರು ನೀರನ್ನು ಹೀರಿ ತೆಗೆದು ಪೊರೆಯನ್ನು ಹೊರಗೆಳೆಯುತ್ತಾರೆ. ಕೆಲವೊಮ್ಮೆ ಹೊರಗೋಡೆಯನ್ನು ಮೆಲ್ಲನೆ ಬಿಡಿಸಿ, ಅರಿವಳಿಕೆಯ ತಜ್ಞರು ಶ್ವಾಸಕೋಶಕ್ಕೆ ಗಾಳಿ ತುಂಬಿಸುತ್ತಿದ್ದಂತೆ, ಇಡೀ ಗುಳ್ಳೆಯನ್ನೇ ಒಡೆಯದೆ ಹೊರತರುವುದೂ ಉಂಟು. ಅನಂತರ ಆ ಕುಳಿಯೊಳಕ್ಕೆ ತೆರೆದುಕೊಂಡಿರುವ ಸಣ್ಣ ಶ್ವಾಸನಾಳಗಳ ಬಾಯಿಗಳನ್ನು ಒಂದೊಂದಾಗಿ ಹುಡುಕಿ ಹೊಲಿಯುತ್ತಾರೆ. ಕುಳಿಯನ್ನೂ ಹೊಲಿಗೆಗಳಿಂದ ಮುಚ್ಚುವುದುಂಟು.

ಇಲ್ಲಿ ಮುಖ್ಯವಾದ ಮಾತೊಂದಿದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆಯುವುದು ಹುಳುವಿನ ಗುಳ್ಳೆಯನ್ನೇ ಹೊರತು, ಸಾಧ್ಯವಾದ ಮಟ್ಟಿಗೆ ಶ್ವಾಸಕೋಶವನ್ನಲ್ಲ. ಗುಳ್ಳೆಯ ಒತ್ತಡಕ್ಕೆ ಸಿಲುಕಿ ಮುದುಡಿದ್ದ ಭಾಗವು ಬಿಡುಗಡೆಯಾದ ಮೇಲೆ ಮತ್ತೆ ಅರಳಿಕೊಳ್ಳುತ್ತದೆ. ಗುಳ್ಳೆ ಒಡೆದು, ಕೀವಾಗಿ, ಶ್ವಾಸಕೋಶವು ಕೆಟ್ಟುಹೋಗಿದ್ದರೆ ಮಾತ್ರ ಆ ಭಾಗವನ್ನು ತೆಗೆಯಬೇಕಾಗುತ್ತದೆ. ತಡ ಮಾಡಬಾರದು ಎಂದು ವೈದ್ಯರು ಒತ್ತಾಯಿಸುವುದು ಇದಕ್ಕಾಗಿಯೇ.

ಆಮೇಲೆ ಎದೆಯಲ್ಲಿ ಒಂದು ನಳಿಕೆಯನ್ನಿಟ್ಟು ಅದರ ತುದಿಯನ್ನು ಮಂಚದ ಕೆಳಗಿನ ನೀರಿನ ಸೀಸೆಗೆ ಜೋಡಿಸಿರುತ್ತಾರೆ. ಎದೆಯೊಳಗಿನ ಗಾಳಿ, ನೀರು ಅದರ ಮೂಲಕ ಹೊರಬರುತ್ತವೆ. ಸೀಸೆಯಲ್ಲಿ ಗುಳುಗುಳು ಎಂದು ಗುಳ್ಳೆಯೇಳುವುದನ್ನು ಕಂಡು ಬಂಧುಗಳು ಗಾಬರಿಯಾಗಬೇಕಾಗಿಲ್ಲ. ಸೀಸೆಯನ್ನು ಎತ್ತುವುದಾಗಲಿ ನಳಿಕೆಯನ್ನು ಎಳೆಯುವುದಾಗಲಿ ಕೂಡದು. ಗಾಳಿ ನಿಂತು ಶ್ವಾಸಕೋಶ ಅರಳಿದ ಮೇಲೆ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ, ವೈದ್ಯರು ಅದನ್ನು ತೆಗೆಯುತ್ತಾರೆ. ನೋವಿದ್ದರೂ ಆಳವಾಗಿ ಉಸಿರೆಳೆಯುವುದು, ಕೆಮ್ಮಿ ಕಫ ತೆಗೆಯುವುದು, ಎದ್ದು ನಡೆಯುವುದು ರೋಗಿಯ ಪಾಲಿನ ಕೆಲಸ. ಪಕ್ಕದಲ್ಲಿ ಕುಳಿತ ಗಂಡನೋ ಹೆಂಡತಿಯೋ ಧೈರ್ಯ ಹೇಳುತ್ತ ಇದನ್ನು ಮಾಡಿಸಿದರೆ ಅದೇ ಅರ್ಧ ಔಷಧ.

ಯಾವ ದೊಡ್ಡ ಶಸ್ತ್ರಚಿಕಿತ್ಸೆಯಲ್ಲೂ ಅಪಾಯವೇ ಇಲ್ಲವೆಂದು ಹೇಳುವುದು ಸತ್ಯವಲ್ಲ. ಕೆಲವರಿಗೆ ಗಾಳಿ ಸೋರುವುದು ಹೆಚ್ಚು ದಿನ ನಡೆಯಬಹುದು, ಕೀವಾಗಬಹುದು, ವರ್ಷಗಳ ಮೇಲೆ ಗುಳ್ಳೆ ಮರಳಿ ಕಾಣಿಸಬಹುದು. ಆದರೆ ಒಡೆಯದ ಗುಳ್ಳೆಯನ್ನು ಸಕಾಲದಲ್ಲಿ ತೆಗೆಸಿಕೊಂಡವರಲ್ಲಿ ಬಹುಪಾಲು ಜನ ಚೆನ್ನಾಗಿ ಗುಣಹೊಂದುತ್ತಾರೆ. ಕೆಲವು ತಿಂಗಳು ಭಾರ ಎತ್ತದೆ ವಿಶ್ರಾಂತಿ ಪಡೆದ ಬಳಿಕ, ವೈದ್ಯರ ಅಪ್ಪಣೆಯಂತೆ ಹೊಲ ಗದ್ದೆಯ ಕೆಲಸಕ್ಕೂ ಮರಳಬಹುದು. ಆ ಅತ್ತೆಯ ಪ್ರಶ್ನೆಗೆ ಇದೇ ಉತ್ತರ: ಎದೆ ಕೊಯ್ಸಿಕೊಂಡ ಸೊಸೆ ನಾಟಿಗೆ ಬಗ್ಗಬಲ್ಲಳು, ಆದರೆ ಮುಂದಿನ ಮಳೆಗಾಲದ ತನಕ ಆಕೆಗೆ ಬಿಡುವು ಕೊಡಬೇಕು.

ಎಲ್ಲಿಗೆ ಹೋಗಬೇಕು?

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಇಲ್ಲವೆ ಶಿಕಾರಿಪುರ, ಸೊರಬದ ತಾಲ್ಲೂಕು ಆಸ್ಪತ್ರೆಗೆ ಹೋಗಿರಿ. ಅಲ್ಲಿಂದ ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಗೂ, ಎದೆಯ ಶಸ್ತ್ರಚಿಕಿತ್ಸೆಯ ತಜ್ಞರಿರುವ ದೊಡ್ಡ ಆಸ್ಪತ್ರೆಗೂ ಶಿಫಾರಸು ಮಾಡುತ್ತಾರೆ. ಖರ್ಚಿನ ಭಯದಿಂದ ಹಿಂದೆ ಸರಿಯಬೇಡಿರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಗಳ ದೊಡ್ಡ ಚಿಕಿತ್ಸೆಗಳಿಗೆ ನೆರವಿನ ಏರ್ಪಾಡಿದೆ. ಪಡಿತರ ಚೀಟಿಯನ್ನೂ ಆಧಾರ್ ಚೀಟಿಯನ್ನೂ ಜೊತೆಯಲ್ಲಿಟ್ಟುಕೊಂಡು, ಶಿಫಾರಸು ಪತ್ರ ಪಡೆದೇ ಹೊರಡಿರಿ. ಹೊಲವನ್ನು ಅಡವಿಡುವ ಮುನ್ನ ಆಶಾ ಕಾರ್ಯಕರ್ತೆಯನ್ನು ಒಂದು ಮಾತು ಕೇಳಿರಿ.

ದಂಪತಿಗಳಿಗೆ ವಿಶೇಷ ಸೂಚನೆ

ಶಸ್ತ್ರಚಿಕಿತ್ಸೆಯ ಬಳಿಕ, ಉಳಿದಿರಬಹುದಾದ ಹುಳುವಿನ ಬೀಜಗಳನ್ನು ಕೊಲ್ಲಲು ಆಲ್ಬೆಂಡಜೋಲ್ ಗುಳಿಗೆಯನ್ನು ಕೆಲವು ತಿಂಗಳು ಕೊಡುವುದುಂಟು. ಆ ಕಾಲದಲ್ಲಿ ರಕ್ತವನ್ನು ಆಗಾಗ ಪರೀಕ್ಷಿಸಬೇಕಾಗುತ್ತದೆ. ಈ ಔಷಧವನ್ನು ದೀರ್ಘಕಾಲ ತೆಗೆದುಕೊಳ್ಳುವಾಗ ಗರ್ಭ ನಿಂತರೆ ಶಿಶುವಿಗೆ ಕೇಡಾಗುವ ಶಂಕೆಯಿದೆ. ಆದುದರಿಂದ ಔಷಧ ಆರಂಭಿಸುವ ಮೊದಲೇ ಹೆಂಡತಿಯು ಬಸುರಿಯಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಚಿಕಿತ್ಸೆ ಮುಗಿಯುವವರೆಗೂ, ಮುಗಿದ ಮೇಲೆ ವೈದ್ಯರು ಹೇಳಿದಷ್ಟು ಕಾಲವೂ, ನಿರೋಧ್, ಕಾಪರ್-ಟಿ ಮೊದಲಾದ ಒಂದು ವಿಧಾನವನ್ನು ದಂಪತಿಗಳು ಅನುಸರಿಸಬೇಕು. ಈ ಹೊಣೆಯನ್ನು ಹೆಂಡತಿಯೊಬ್ಬಳ ಮೇಲೆ ಹೊರಿಸದೆ ಗಂಡನೂ ಹೊರತಕ್ಕದ್ದು. ಗರ್ಭಿಣಿಯಲ್ಲಿಯೇ ಗುಳ್ಳೆ ಪತ್ತೆಯಾದರೆ ಗಾಬರಿಯಾಗದೆ, ಯಾವ ಗುಳಿಗೆಯನ್ನೂ ನುಂಗದೆ, ತಜ್ಞರನ್ನು ಕಾಣಬೇಕು.

ತಡೆಗಟ್ಟುವ ಬಗೆ

ಶಸ್ತ್ರಚಿಕಿತ್ಸೆಯು ಎದೆಯೊಳಗಿನ ಗುಳ್ಳೆಯನ್ನು ತೆಗೆಯಬಲ್ಲದು; ಅಂಗಳದಲ್ಲಿರುವ ರೋಗದ ಬೇರನ್ನು ಕೀಳಬೇಕಾದವರು ನಾವೇ. ಸುಗ್ಗಿಯ ನಂತರ ಬಯಲುಸೀಮೆಯ ಕುರಿಮಂದೆಗಳು ಕಾವಲುನಾಯಿಗಳೊಡನೆ ನಮ್ಮ ಗದ್ದೆಗಳಲ್ಲಿ ಬಂದು ತಂಗುವುದುಂಟು. ಹಬ್ಬ ಹರಿದಿನಗಳಲ್ಲಿ ಮನೆಯ ಹಿತ್ತಲಿನಲ್ಲಿಯೇ ಕುರಿ ಕಡಿಯುವುದೂ ಉಂಟು. ಈ ಪದ್ಧತಿಗಳನ್ನು ನಾನು ನಿಂದಿಸುತ್ತಿಲ್ಲ. ಕೆಲವು ಎಚ್ಚರಿಕೆಗಳನ್ನು ಮಾತ್ರ ಪಾಲಿಸಿರೆಂದು ಕೋರುತ್ತೇನೆ.

1. ಕಡಿದ ಪ್ರಾಣಿಯ ಈಲಿ, ಶ್ವಾಸಕೋಶಗಳಲ್ಲಿ ನೀರುಗುಳ್ಳೆ ಕಂಡರೆ ಅದನ್ನು ಸುಡಬೇಕು, ಇಲ್ಲವೆ ನಾಯಿ ಬಗೆಯಲಾರದಷ್ಟು ಆಳದ ಗುಂಡಿಯಲ್ಲಿ ಹೂಳಬೇಕು. ನಾಯಿಗೆ ಹಸಿ ಈಲಿ, ಶ್ವಾಸಕೋಶ, ಕರುಳುಗಳನ್ನು ಹಾಕಲೇಕೂಡದು.

2. ಸತ್ತ ಕುರಿ ಮೇಕೆಗಳನ್ನು ಬಯಲಿನಲ್ಲಿ ಎಸೆಯದೆ ಹೂಳಬೇಕು.

3. ಸಾಕಿದ ನಾಯಿಗೆ ಪಶುವೈದ್ಯರ ಸಲಹೆಯಂತೆ ಪ್ರಾಜಿಕ್ವಾಂಟೆಲ್ ಎಂಬ ಹುಳುವಿನ ಔಷಧವನ್ನು ವರ್ಷದಲ್ಲಿ ಹಲವು ಬಾರಿ ಕೊಡಿಸಬೇಕು. ಔಷಧ ಕೊಟ್ಟ ದಿನಗಳಲ್ಲಿ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಸುಡಬೇಕು ಅಥವಾ ಹೂಳಬೇಕು.

4. ನಾಯಿಯನ್ನು ಮುಟ್ಟಿದ ಮೇಲೆ, ಮಣ್ಣಿನ ಕೆಲಸ ಮಾಡಿದ ಮೇಲೆ, ಅಡುಗೆಗೂ ಊಟಕ್ಕೂ ಮುಂಚೆ ಸಾಬೂನಿನಿಂದ ಕೈ ತೊಳೆಯಬೇಕು. ಮಕ್ಕಳ ಮುಖ ನೆಕ್ಕಲು ನಾಯಿಯನ್ನು ಬಿಡಬಾರದು.

5. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳನ್ನು ಚೆನ್ನಾಗಿ ತೊಳೆಯಬೇಕು. ಹಿತ್ತಲಿಗೆ ಬೇಲಿ ಹಾಕಿ ನಾಯಿ ಬರದಂತೆ ನೋಡಿಕೊಳ್ಳಬೇಕು.

ಇಷ್ಟರಿಂದ ಏನಾದೀತು ಎಂದು ಯಾರಾದರೂ ಕೇಳಬಹುದು. ಐಸ್‌ಲೆಂಡ್ ಎಂಬ ದೂರದ ದ್ವೀಪವು ಕುರಿ ಸಾಕುವವರ ನಾಡು. ಅಲ್ಲಿ ಒಂದು ಕಾಲಕ್ಕೆ ಈ ಕಾಯಿಲೆಯ ಹಾವಳಿ ಬಹಳವಾಗಿತ್ತು. 1863ರಲ್ಲಿ ಹರಾಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ವಿದ್ವಾಂಸನು ಅಲ್ಲಿಗೆ ಹೋಗಿ ನಾಯಿಗಳಲ್ಲಿ ಈ ಹುಳುವನ್ನು ಪರೀಕ್ಷಿಸಿ ನೋಡಿ, ಜನರಿಗಾಗಿ ಒಂದು ಚಿಕ್ಕ ಪುಸ್ತಿಕೆಯನ್ನು ಬರೆದನು. ಅದನ್ನು ಮನೆಮನೆಗೂ ಉಚಿತವಾಗಿ ಹಂಚಲಾಯಿತು. ಆ ಜನ ಅದನ್ನು ಓದಿದರು, ಓದಿದಂತೆ ನಡೆದರು. ಗುಳ್ಳೆಯಿರುವ ಅಂಗಗಳನ್ನು ನಾಯಿಗೆ ಹಾಕುವುದನ್ನು ಬಿಟ್ಟರು, ನಾಯಿಗಳಿಗೆ ಔಷಧ ಕೊಡಿಸಿದರು. ತಲೆಮಾರುಗಳು ಕಳೆಯುವಷ್ಟರಲ್ಲಿ ಕಾಯಿಲೆಯು ಆ ದ್ವೀಪದಿಂದಲೇ ಅಳಿಸಿಹೋಯಿತು. ತಮ್ಮ ಕೈಯಲ್ಲಿರುವ ಈ ಪುಸ್ತಿಕೆಯೂ ಅದೇ ಉದ್ದೇಶದ್ದು.

ಆದುದರಿಂದ ತಾವು ಇಲ್ಲಿಂದ ಮನೆಗೆ ಹೋದ ಮೇಲೆ, ಇಂದು ರಾತ್ರಿ ಊಟವಾದ ಬಳಿಕ, ಗಂಡಹೆಂಡಿರಿಬ್ಬರೂ ಕುಳಿತು ಎರಡು ಮಾತುಗಳನ್ನು ನಿಶ್ಚಯಿಸಿಕೊಳ್ಳಿರಿ. ಮುಂದಿನ ಹಬ್ಬದಲ್ಲಿ ಕಡಿದ ಕುರಿಯ ಒಳಾಂಗಗಳು ಗುಂಡಿಗೆ ಹೋಗತಕ್ಕದ್ದೇ ಹೊರತು ನಾಯಿಯ ಬಾಯಿಗಲ್ಲ. ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕೆ ಮೀರಿ ಕೆಮ್ಮಿದ್ದರೆ, ಅವರು ಸೊಸೆಯಾಗಲಿ ಮಗನಾಗಲಿ, ಸುಗ್ಗಿಯನ್ನು ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು. ಈ ಎರಡು ಮಾತುಗಳನ್ನು ನಡೆಸಿಕೊಟ್ಟರೆ ನನ್ನ ಈ ಭಾಷಣವು ಸಾರ್ಥಕವಾಯಿತೆಂದು ತಿಳಿಯುತ್ತೇನೆ.